ಫಾಸ್ಟ್ ಅಂದರೆ

ಗ್ರಿಮ್ಸ್‌ಬಿಯ ಮೀನುಪೇಟೆಯ ಹಿಂದೆ, ಚರ್ಚಿನ ಹಾಲಿನಲ್ಲಿ,
ಮಂಗಳವಾರ ಸಂಜೆ ಐದಕ್ಕೆ ಇಂಗ್ಲಿಷ್ ಹೇಳಿಕೊಡುತ್ತೇನೆ.
ಮೇಷ್ಟರಲ್ಲ ನಾನು. ಮೂವತ್ತೊಂದು ವರ್ಷ ಟ್ರಾಲರಿನಲ್ಲಿ
ಕಾಡ್ ಮೀನಿನ ಹೊಟ್ಟೆ ಸೀಳಿದವನು.
ವ್ಯಾಕರಣ ಬೆರಳ ತುದಿಯಲ್ಲಿಲ್ಲ;
ಎಡಗೈಗೆ ಬೆರಳೇ ಮೂರು.

ಸೆಮ್ಹಾರ್ ಕೇಳಿದಳು: ನೆವಿಲ್, ಫಾಸ್ಟ್ ಅಂದರೇನು?
ಬಿರುಸು, ಅಂದೆ.
ನಾಯಿ ಅಟ್ಟಿಸಿಕೊಂಡು ಬಂದರೆ ಓಡುತ್ತೀಯಲ್ಲ, ಹಾಗೆ.
ಬರೆದುಕೊಂಡಳು.
ಶಾಯಿ ಆರುವ ಮೊದಲೇ ನನಗೆ ಹಗ್ಗ ನೆನಪಾಯಿತು.

ದೋಣಿ ದಕ್ಕೆಗೆ ತಾಗಿದೊಡನೆ ಕೂಗುತ್ತಿದ್ದೆವು:
ಮೇಕ್ ಹರ್ ಫಾಸ್ಟ್!
ಅಂದರೆ ಬಿಗಿ. ಗೂಟಕ್ಕೆ ಎರಡು ಸುತ್ತು,
ಮೇಲೆ ಎಂಟರ ಗಂಟು,
ಇನ್ನು ಬಿರುಗಾಳಿಯೇ ಬರಲಿ, ಕದಲಬಾರದು.
ಪರದೆಯ ಹಗ್ಗ ಬಿಚ್ಚಿ ಕುರ್ಚಿಗೆ ಕಟ್ಟಿ ತೋರಿಸಿದೆ.
ಪರದೆ ಬಿತ್ತು.

ಓಡುವುದಕ್ಕೂ ಫಾಸ್ಟು, ಕದಲದ್ದಕ್ಕೂ ಫಾಸ್ಟು?
ಕ್ಷೌರದಂಗಡಿಯ ರೆಬ್ವಾರ್ ಪೆನ್ನು ಕೆಳಗಿಟ್ಟ.
ನಿಮ್ಮ ಜನ ಪದಕ್ಕೂ ಕಾಸು ಬಿಚ್ಚುವುದಿಲ್ಲ.

ಹೌದಪ್ಪ. ನಮ್ಮಪ್ಪನಿಗಿದ್ದದ್ದು ಒಂದೇ ಕೋಟು,
ಮದುವೆಗೂ ಅದೇ, ಮಣ್ಣಿಗೂ ಅದೇ.

ತೊಳೆದರೂ ಬಿಡದ ಬಣ್ಣಕ್ಕೂ, ಅಂದೆ,
ಕರೆದರೂ ಏಳದ ನಿದ್ದೆಗೂ.
ಅಲ್ಲಿಗೆ ನಿಲ್ಲಿಸಬೇಕಿತ್ತು.

ನನ್ನ ತಮ್ಮ ಕೀತ್‌ನ ಸೊಂಟಕ್ಕೆ
ಹಗ್ಗ ಬಿಗಿದವನು ನಾನೇ.
ವಿಚಾರಣೆಯಲ್ಲಿ ಕೇಳಿದರು, ಗಂಟು ಫಾಸ್ಟ್ ಇತ್ತೇ?
ಇತ್ತು, ಅಂದೆ.
ಅಲೆಯೂ ಇತ್ತು.
ಎರಡನೆಯದನ್ನು ಗುಮಾಸ್ತ ಬರೆದುಕೊಳ್ಳಲಿಲ್ಲ.

ಇದನ್ನು ತರಗತಿಯಲ್ಲಿ ಹೇಳಲಿಲ್ಲ.

ಹಿಂದಿನ ಬೆಂಚಿನಿಂದ ಇದ್ರೀಸ್ ಎದ್ದು,
ನಾನು ಈಗ ಫಾಸ್ಟ್, ಅಂದ,
ಗಡಿಯಾರ ನೋಡುತ್ತ. ಇನ್ನೂ ಹನ್ನೊಂದು ನಿಮಿಷ.
ನಾನೂ, ಅಂದಳು ಸೆಮ್ಹಾರ್:
ಅವಳ ಪಂಗಡದಲ್ಲಿ ಈಸ್ಟರಿನ ತನಕ
ಹಾಲಿಲ್ಲ, ಮೊಟ್ಟೆಯಿಲ್ಲ.
ನಾನು ಬಿಸ್ಕತ್ತಿನ ಡಬ್ಬಿ ಮುಚ್ಚಿದೆ.

ಆಮೇಲೆ ಪಾಠ ನಡೆಯಲಿಲ್ಲ.
ಹತ್ತಿರ ಹತ್ತಿರ ಕೂತಿದ್ದೆವು, ಅಷ್ಟೆ.
ಕಿಟಕಿಯಾಚೆ ಹಂಬರಿನ ನೀರು
ಸೀಸದ ಬಣ್ಣದಿಂದ ಬಣ್ಣವಿಲ್ಲದ್ದಕ್ಕೆ ತಿರುಗಿತು.

ಇದ್ರೀಸ್ ಖರ್ಜೂರದ ಪೊಟ್ಟಣ ತೆರೆದು
ಮೊದಲು ನನ್ನ ಕಡೆ ಚಾಚಿದ.
ಇದಕ್ಕೆ ಬ್ರೇಕ್‌ಫಾಸ್ಟ್ ಅನ್ನಬಹುದೇ?

ಸಂಜೆ ಆರು ಗಂಟೆ.
ಅನ್ನಬಹುದು, ಅಂದೆ. ಬೀಜ ಉಗುಳಿ, ಮತ್ತೆ ಅಂದೆ,
ಅನ್ನಬಹುದು.

ಎಲ್ಲರೂ ಹೋದ ಮೇಲೆ
ಕುರ್ಚಿಯ ಗಂಟು ಬಿಚ್ಚಲು ಕೂತೆ.
ಮೂರು ಬೆರಳು. ಹೊತ್ತು ಹಿಡಿಯಿತು.