ಸ್ವರ ಬಿಟ್ಟ ಬರಹ

ಗಣಪತ ಗಲ್ಲಿಯ ಮಾಳಿಗಿ ಮ್ಯಾಲ ಅಣವೇಕರ ಮಾಸ್ತರು
ಶಾರ್ಟ್‌ಹ್ಯಾಂಡ್ ಕಲಿಸುವಾಗ ಮೊದಲ ದಿನಾನ ಹೇಳಿದ್ರು:
ಸ್ವರ ಬಿಡ್ರಿ, ವ್ಯಂಜನ ಅಷ್ಟ ಹಿಡೀರಿ.
ಮಂದಿ ಮಾತಾಡೋ ವೇಗಕ್ಕ ಸ್ವರ ಬರಕೋತ ಕುಂತ್ರ
ಹಿಂದ ಉಳೀತೀರಿ.

ಮೂವತ್ತೊಂದು ವರ್ಷ ಹಿಂದ ಉಳದಿಲ್ಲ ನಾ.

ಬೆಳಗಾವಿ ಕ್ಯಾಂಪಿನ ಹಂಚಿನ ಕಟ್ಟಡದಾಗ
ಹಸಿರು ಬಟ್ಟಿ ಹಾಸಿದ ಮೇಜಿನ ಎಡಕ ನನ್ನ ಸ್ಟೂಲು.
ಐದು ಮಂದಿ ಅಧಿಕಾರಿಗಳು, ಬಾಜೂಕ ಕಾಯ್ದೆ ಹೇಳಾಂವ ಒಬ್ಬ,
ಎದುರಿಗೆ ನಾಯಕ್ ಭರಮಾ ಸಾಂಬ್ರೇಕರ.
ಬೆಲ್ಟ್ ಇಲ್ಲ, ಟೊಪಗಿ ಇಲ್ಲ.
ಹಣಿ ಮ್ಯಾಲ ಟೊಪಗಿ ಇದ್ದಷ್ಟು ಜಾಗ ಬೆಳ್ಳಗ,
ಉಳದ ಮುಖ ಇನ್ನೂ ಆ ಗಡಿಯ ಬಿಸಲಾಗ ಇತ್ತು.

ಆಕಿ ನಾಕು ದಿನ ರೈಲಿನ್ಯಾಗ ಬಂದಿದ್ಲು.
ಆಕಿ ಮಾತು ಈ ಊರಾಗ ಯಾರಿಗೂ ಬರೂದಿಲ್ಲ.
ದುಭಾಷಿ ಹವಾಲ್ದಾರ ಹಿಂದಿ ಮಾಡಾಂವ,
ಕಾಯ್ದೆಯಾಂವ ಇಂಗ್ಲಿಷ್ ಮಾಡಾಂವ,
ನಾ ಗೆರಿ ಮಾಡಾಕಿ.
ಗಂಡ ನಸುಕಿನ್ಯಾಗ ನೀರು ತರಾಕ ಹೋದ ಅಂತ
ಆಕಿ ಹೇಳಿ ಮುಗಸೂದ್ರಾಗ, ನನ್ನ ಹಾಳಿ ಮ್ಯಾಲ ಅಂವ
ಸದರಿ ಮೃತನು ಜಲಮೂಲದತ್ತ ಚಲಿಸುತ್ತಿದ್ದನು
ಆಗಿಬಿಟ್ಟಿದ್ದ.

ಆರನೇ ವಸ್ತು ಮೇಜಿನ ಮ್ಯಾಲ ಬಂತು:
ಎರಡು ಮೊಳದ ಬಿದಿರ ಕೊಳವಿ.
ಆ ಗುಡ್ಡದಾಗ ಇದರಾಗ ನೀರು ತುಂಬಿ
ಹೆಗಲ ಮ್ಯಾಲ ಒಯ್ಯತಾರಂತ.
ನಡುವ ಒಂದು ತೂತು. ತಿರುವಿದ್ರ ಇನ್ನೊಂದು, ತುಸು ದೊಡ್ಡದು.
ಎಳೇ ವಯಸ್ಸಿನ ಮೇಜರ್ ಒಬ್ಬ ಎತ್ತಿ ಬೆಳಕಿಗೆ ಹಿಡದ,
ಸುಮ್ಮ ಇಟ್ಟ.
ಮಬ್ಬಿನ್ಯಾಗ ಎಷ್ಟು ಗಜದಿಂದ ಇದು ಬಂದೂಕ ಆಗತೈತಿ?
ಅದರ ಮ್ಯಾಲ ಒಂದೂವರಿ ದಿನ ನಡೀತು.

ಎಷ್ಟು ಗುಂಡಿನ ಸಪ್ಪಳ ಕೇಳಿದಿ ಅಂತ ಆಕೀನ್ನ ಕೇಳಿದ್ರು.
ನಾ ಗಡಿಯಾರ ನೋಡಿದೆ, ನಲವತ್ತು ಸೆಕೆಂಡು.
ಸುಮ್ಮನಿರೂದಕ್ಕ ಗೆರಿ ಇಲ್ಲ.
ಸಾಕ್ಷಿ ಉತ್ತರಿಸಲಿಲ್ಲ, ಅಂತ ಬರಸಿದ್ರು.

ಮಧ್ಯಾಹ್ನ ನಳದ ಕಟ್ಟಿ ಮ್ಯಾಲ ನನ್ನ ಡಬ್ಬಿ ಬಿಚ್ಚಿದ್ದೆ.
ಆಕಿ ಬಂದು ಬಾಜೂಕ ಕುಂತ್ಲು. ರೊಟ್ಟಿ ಕೊಟ್ಟೆ, ಬ್ಯಾಡಂದ್ಲು.
ನನ್ನ ಪ್ಯಾಡಿನ ಕಡೆ ಬೊಟ್ಟು ಮಾಡಿ
ಒಂದು ಹೆಸರು ಹೇಳಿದ್ಲು: ಲಾಲ್‌ಥಂಗ.
ಹುಡುಕಿ ತೋರಿಸಿದೆ.
ಎರಡು ಏರು ಬಾಗು, ಒಂದು ಇಳಿಜಾರು,
ಕಡೀಕ ಒತ್ತಿ ಎಳದ ದಪ್ಪ ಬಾಗು.
ಆ ಹೆಸರಿನ್ಯಾಗ ಒಂದೂ ನೆಟ್ಟನ್ನ ಗೆರಿ ಇಲ್ಲ.
ಆಕಿ ಬೆರಳಿಟ್ಟು ಏರಿದ್ಲು, ಇಳದ್ಲು,
ದಪ್ಪ ಬಾಗಿನ್ಯಾಗ ನಿಂತ್ಲು. ಏನೋ ಒಂದು ಮಾತಂದ್ಲು.
ಇಲ್ಲೇ ಅಂದ್ಲೋ, ಹೌದು ಅಂದ್ಲೋ,
ದುಭಾಷಿ ಊಟಕ್ಕ ಹೋಗಿದ್ದ.

ಪೆನ್ಸಿಲ್ ತಗದು, ವೇಗಕ್ಕಂತ ಬಿಟ್ಟ ಚುಕ್ಕಿ ಎಲ್ಲಾ
ಒಂದೊಂದಾಗಿ ಹಾಕಿದೆ.
ಆಕೀಗೆ ಅದು ತಿಳೀಲಿಲ್ಲ ಅನಸತೈತಿ.

ಸಂಜೀಕ ಜೀಪ್ ಹತ್ತೂ ಮುಂದ ಭರಮಾ
ನನ್ನ ಹತ್ರ ಹಾಯ್ದ. ನೆಲಾ ನೋಡಕೋತ, ನಮ್ಮ ಮಾತಿನ್ಯಾಗ:
ಅಕ್ಕಾರ, ನಮ್ಮವ್ವ ಬಾಂವಿಗೆ ಕೊಡಾ ಒಯ್ಯತಾಳ್ರಿ.
ಬಿದಿರಾಗ ನೀರು ಒಯ್ಯತಾರಂತ ಯಾರೂ ಹೇಳಿದ್ದಿಲ್ಲ.
ಪ್ರಮಾಣ ಮಾಡಿ ಹೇಳಿದ್ದಲ್ಲ, ಕೋರ್ಟಿನ ಭಾಷಾನೂ ಅಲ್ಲ.
ಬರಕೊಳ್ಳಲಿಲ್ಲ ನಾ.
ಆ ಅಕ್ಕಾರ ಅನ್ನೂದು ಮಾತ್ರ, ಅದರ ಉದ್ದ ಸ್ವರದ ಸಮೇತ,
ರಾತ್ರಿ ಕಿವ್ಯಾಗ ಐತಿ.

ತೀರ್ಪಿನ ಕಡೀ ಸಾಲು: ಮೇಲಧಿಕಾರಿಗಳ ದೃಢೀಕರಣಕ್ಕೆ ಒಳಪಟ್ಟು.
ಅರಗು ಹಚ್ಚಿ, ಮುದ್ರಿ ಒತ್ತಿ, ಕಡತ ಕಳಿಸಿದ್ರು.
ಅಲ್ಲಿ ಏನಾತಂತ ಟೈಪಿಸ್ಟಿಗೆ ತಿಳಿಸೂ ರೂಢಿ ಇಲ್ಲ.
ಸಾಂಬ್ರಾ ಬಸ್ಸು ಮುಂದ ಹಾಯ್ದ್ರ
ಕಿಡಕ್ಯಾಗಿನ ಮುಖಾ ಎಣಸ್ತೀನಿ, ಯಾಕಂತ ಗೊತ್ತಿಲ್ಲ.

ಹೋಗೂ ಮುಂದ ಆಕಿ ಬಿದಿರ ಕೇಳಿದ್ಲಂತ.
ಪ್ರಕರಣ ಪೂರಾ ಮುಗಿಯೂತನಕ ಕೊಡಾಕ ಬರೂದಿಲ್ಲ.
ಮಳಿಗಾಲಕ್ಕ ಕಪಾಟಿನ ಬಾಗಲಾ ಉಬ್ಬತೈತಿ, ಜಗ್ಗಿ ತಗೀಬೇಕು.
ಚೀಟಿ ಮ್ಯಾಲ ನನ್ನದ ಅಕ್ಷರ:
ವಸ್ತು ಆರು. ಬಿದಿರು, ಒಂದು. ಖಾಲಿ.