ಲೆಕ್ಕಕ್ಕುಂಟು, ಆಟಕ್ಕಿಲ್ಲ

ಪನೆವೆಜಿಸ್ ಊರಿನ ಬಾಸ್ಕೆಟ್‌ಬಾಲ್ ಅಂಗಣದಲ್ಲಿ
ಬೆವರು ಒರೆಸುವುದು ನನ್ನ ಕೆಲಸ.
ಬುಟ್ಟಿಯ ಹಿಂದೆ ಮಣೆ, ಮಂಡಿಯ ಮೇಲೆ ಒರೆಸುಕೋಲು.
ಯಾರಾದರೂ ಬಿದ್ದರೆ ಓಡಬೇಕು, ಒರೆಸಬೇಕು,
ಮುಂದಿನ ಸೀಟಿಯೊಳಗೆ ವಾಪಸ್ ಬರಬೇಕು.
ಹಾಲಿನ ಕಾರ್ಖಾನೆ ಮುಚ್ಚುವ ತನಕ
ಇಪ್ಪತ್ತೆರಡು ವರ್ಷ ಚೆಲ್ಲಿದ ಹಾಲು ಬಳಿದವಳು.
ಇದೂ ಅದೇ.
ಬೆವರಿಗೆ ನೊಣ ಮುತ್ತುವುದಿಲ್ಲ, ಅಷ್ಟೆ.

ಕೂತಲ್ಲಿಂದ ಬೆಂಚು ಪೂರಾ ಕಾಣುತ್ತದೆ.
ಹನ್ನೆರಡು ಕುರ್ಚಿ. ಕೊನೆಯದರಲ್ಲಿ ರಿಮ್ಗೌದಸ್.
ನವೆಂಬರಿಗೆ ಮೂವತ್ತೊಂಬತ್ತು ತುಂಬಿತು;
ಹುಡುಗರು ಕೇಕಿನ ಮೇಲೆ ಬೆಂಚಿನ ಚಿತ್ರ ಬರೆಸಿ ತಂದಿದ್ದರು.
ನಕ್ಕ.
ಬೆಂಚಿನ ಕಾಲುಗಳ ಕಡೆಯಿಂದ ಕತ್ತರಿಸಿ ತಿಂದ.

ಚಿಕ್ಕ ಮಕ್ಕಳನ್ನು ಸೇರಿಸಿಕೊಂಡು
ಆಟಕ್ಕುಂಟು, ಲೆಕ್ಕಕ್ಕಿಲ್ಲ ಅನ್ನುತ್ತಾರಲ್ಲ,
ಇವನದು ಅದರ ಉಲ್ಟಾ.
ಹಾಳೆಯಲ್ಲಿ ಹೆಸರಿದೆ, ಅಂಗಿಗೆ ನಂಬರಿದೆ,
ತಡವಾಗಿಯಾದರೂ ಸಂಬಳವಿದೆ.
ಹೆಸರಿನ ಮುಂದೆ ಸೊನ್ನೆ ನಿಮಿಷ, ಸೊನ್ನೆ ಸೆಕೆಂಡು.

ಹಾಗಾದರೆ ಏನು ಮಾಡುತ್ತಾನೆ ಅವನು?
ಕೇಳಿದವಳು ನನ್ನ ತಂಗಿ, ಟಿಕೆಟಿಗೆ ದುಡ್ಡು ಕೊಟ್ಟವಳು.
ಏನಿಲ್ಲ.
ಟೈಮ್ ಔಟ್ ಎಂದರೆ ಎಲ್ಲರಿಗಿಂತ ಮೊದಲು ಎದ್ದು
ದಣಿದು ಬಂದವನಿಗೆ ಕುರ್ಚಿ ಬಿಡುತ್ತಾನೆ.
ಎದುರು ತಂಡದ ಕೋಚ್ ಮೂಗು ಮುಟ್ಟಿದರೆ ಸಾಕು,
"ಎಡಕ್ಕೆ!" ಎಂದು ಕೂಗಿಯಾಗಿರುತ್ತದೆ.
ಚೆಂಡು ಎಡಕ್ಕೇ ಬರುತ್ತದೆ.
ಹತ್ತೊಂಬತ್ತರ ಯೋರಿಸ್ ಮೂರು ಸಲ ಗುರಿ ತಪ್ಪಿ ಬಂದು
ತಲೆಯ ಮೇಲೆ ಟವೆಲ್ ಎಳೆದುಕೊಂಡ ದಿನ
ಇವನೂ ಅದರೊಳಗೆ ತಲೆ ತೂರಿಸಿ ಏನೋ ಪಿಸುಗುಟ್ಟಿದ.
ಟವೆಲ್ ಅಲುಗಿತು, ಅಳುವಿಗೋ ನಗುವಿಗೋ.
ಆಮೇಲೆ ಕೇಳಿದೆ: ಏನಪ್ಪಾ ಅಂಥ ಬುದ್ಧಿಮಾತು?
"ಒಳ್ಳೆ ಬೀಟ್‌ರೂಟ್ ಸೂಪು ಎಲ್ಲಿ ಸಿಗುತ್ತದೆ ಅಂತ ಹೇಳಿದೆ."

ಅವನನ್ನು ದೇವರು ಮಾಡುತ್ತಿಲ್ಲ ನಾನು.
ಒಂದು ರಾತ್ರಿ, ಗೆದ್ದ ರಾತ್ರಿಯೇ,
ದೀಪ ಆರಿಸಲು ಹೋದರೆ ಒಬ್ಬನೇ ಕೂತಿದ್ದ.
ಸಂಜೆ ಕಟ್ಟಿದ ಲೇಸಿನ ಗಂಟು ಕಟ್ಟಿದ ಹಾಗೇ ಇತ್ತು,
ಒಂದೆಳೆ ಸಡಿಲವಾಗಿರಲಿಲ್ಲ.
ಅದನ್ನೇ ನೋಡುತ್ತಿದ್ದ.
ಅರ್ಧ ದೀಪ ಬಿಟ್ಟು ಬಂದೆ.

ಫೆಬ್ರವರಿ. ಸಮುದ್ರದ ಕಡೆಯ ತಂಡ.
ಐದು ಫೌಲಾಗಿ ಇಬ್ಬರು ಹೊರಗೆ, ಯೋರಿಸನ ಪಾದ ಉಳುಕಿತ್ತು.
ಇನ್ನು ನಲವತ್ತೊಂದು ಸೆಕೆಂಡು.
ತುಂಬಿದ ಬಸ್ಸಿನಲ್ಲಿ ಜಾಗ ಹುಡುಕುವವರ ಹಾಗೆ
ಕೋಚಿನ ಕಣ್ಣು ಸಾಲಿನುದ್ದಕ್ಕೂ ಜಾರುತ್ತ ಜಾರುತ್ತ
ಕೊನೆಯ ಕುರ್ಚಿಗೆ ಬಂದು ನಿಂತಿತು.
ಜಾಕೆಟ್ಟಿನ ಗುಂಡಿಗಳು ಪಟಪಟ ಬಿಚ್ಚಿಕೊಂಡವು.

ಚೆಂಡು ಒಮ್ಮೆಯೂ ಅವನ ಕೈಗೆ ಬರಲಿಲ್ಲ.
ಗೂಳಿಯಂಥವನೊಬ್ಬ ಬುಟ್ಟಿಗೆ ನುಗ್ಗುವ ದಾರಿಯಲ್ಲಿ
ಎದೆಯ ಮೇಲೆ ಕೈ ಕಟ್ಟಿ ಸುಮ್ಮನೆ ನಿಂತ.
ಧಡ್.
ಸೀಟಿ. ತಪ್ಪು ಗೂಳಿಯದು, ಚೆಂಡು ನಮ್ಮದು.
ನಾನು ಓಡಿದೆ.

ಮರದ ನೆಲದ ಮೇಲೆ ಒಂದು ಬೆನ್ನು ಬಿದ್ದಿತ್ತು:
ಎರಡು ಭುಜ, ನಡುವೆ ಒಣಗಿದ ಗೆರೆ, ಬೆನ್ನುಹುರಿಯದು.
ನಲವತ್ತೊಂದು ಸೆಕೆಂಡಿಗೆ ಇಷ್ಟು ಬೆವರೇ?
ಅಥವಾ ಚಳಿಗಾಲವಿಡೀ ಕೂತಲ್ಲೇ ಬೆವರುತ್ತಿದ್ದನೋ.
ಎಲ್ಲರ ಬೆವರೂ ಒರೆಸಿದ್ದೆ ಅಕ್ಟೋಬರಿನಿಂದ;
ಇವನದು ಇದೇ ಮೊದಲು.
ಕೋಲು ಒಂದು ಗಳಿಗೆ ತಡೆಯಿತು.
ರೆಫರಿ ಕೈ ಬೀಸಿದ.
ಒರೆಸಿದೆ.

ಒಂದು ಪಾಯಿಂಟಿನಿಂದ ಸೋತೆವು.

ಚಳಿಗೆ ಅವನ ಕಾರಿನ ಬ್ಯಾಟರಿ ಸತ್ತಿತ್ತಂತೆ.
ಬಸ್ ನಿಲ್ದಾಣದಲ್ಲಿ, ಹಿಮದಲ್ಲಿ, ಸೊಂಟ ಹಿಡಿದು ನಿಂತು
"ಅತ್ತೆ, ನಿನ್ನ ನೆಲ ಬಹಳ ಗಟ್ಟಿ" ಅಂದ.
ಈ ವಯಸ್ಸಿಗೆ ಎಲ್ಲಾ ನೆಲವೂ ಗಟ್ಟಿಯೇ, ಅಂದೆ.
ಬಸ್ಸಿನಲ್ಲಿ ಒಂದೇ ಸೀಟು ಖಾಲಿ.
ಕೂತುಕೋ ಅಂದ. ನೀನು ಕೂತುಕೋ, ಬಿದ್ದವನು ನೀನು, ಅಂದೆ.
ಮೇಲಿನ ಕಂಬಿ ಹಿಡಿದು ತಲೆ ಅಲ್ಲಾಡಿಸಿದ:
"ಬೇಡ. ಕೂತು ಕೂತು ಸಾಕಾಗಿದೆ."