ಸುಂಕದವನ ಸುಖದುಃಖ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ
ಅನ್ನುತ್ತಾರಲ್ಲ, ಆ ಸುಂಕದವ ನಾನೇ.
ಹುಲಿಕಲ್ ಘಾಟಿಯ ಮೇಲಿನ ತಿರುವಿನಲ್ಲಿ
ಇಪ್ಪತ್ತೊಂಬತ್ತು ವರ್ಷ
ಒಂದು ಬಿದಿರುಗಳ ಎತ್ತಿದೆ, ಇಳಿಸಿದೆ.
ಗಳದ ಬುಡಕ್ಕೆ ಕಟ್ಟಿದ್ದು ಮುರಿದ ಒರಳುಕಲ್ಲು;
ಅರ್ಧ ಕೆಲಸ ಅದೇ ಮಾಡುತ್ತಿತ್ತು,
ಸಂಬಳ ಪೂರ್ತಿ ನನಗೆ.

ಕೆಳಗಿಂದ ಹಸನಬ್ಬನ ಲಾರಿ ಬರುವುದು ಗೊತ್ತಾಗುತ್ತಿದ್ದದ್ದು
ಸದ್ದಿನಿಂದಲ್ಲ, ಒಣಬಂಗಡೆಯ ವಾಸನೆಯಿಂದ.
ಮೇಲಿಂದ ಗುತ್ಯಮ್ಮ, ತಲೆಯ ಮೇಲೆ ಉಪ್ಪಾಗೆ ಸಿಪ್ಪೆಯ ಚೀಲ,
ಹೊಗೆಗೆ ಒಣಗಿ ಕಪ್ಪಾದದ್ದು,
ಮುಟ್ಟಿದ ಬೆರಳು ನೆಕ್ಕಿದರೆ ಹಲ್ಲು ಜುಮ್ಮೆನ್ನುವ ಹುಳಿ.
ಅವನಿಗೆ ಅವಳ ಮಾತು ಅರ್ಧ, ಅವಳಿಗೆ ಅವನ ಬ್ಯಾರಿ ಸೊನ್ನೆ.
ತಕ್ಕಡಿಯ ಮುಳ್ಳು ನೆಟ್ಟಗೆ ನಿಂತಾಗ
ಇಬ್ಬರೂ ಒಟ್ಟಿಗೆ "ಹೂಂ" ಅನ್ನುತ್ತಿದ್ದರು.
ಅಲ್ಲಿಗೆ ಮುಗಿಯಬೇಕಿತ್ತು.
ನಾನು ಮೂರನೆಯವನು,
ನನ್ನ ಕೈಯಲ್ಲಿ ರಸೀದಿ ಪುಸ್ತಕ.

ಕಾಡಿನ ಹುಳಿಗೂ ಗುತ್ತಿಗೆ ಇತ್ತು.
ಗುತ್ತಿಗೆ ಹಿಡಿದವ ಶಿವಮೊಗ್ಗದ ದುರ್ಗಿಗುಡಿಯಲ್ಲಿ ಕೂತಿದ್ದ,
ಉಪ್ಪಾಗೆ ಮರ ಹೇಗಿರುತ್ತದೆಂದೇ ನೋಡಿರಲಿಲ್ಲ.
ಅವನಿಗಲ್ಲದೆ ಬೇರೆಯವರಿಗೆ ಮಾರಿದರೆ ಕಳ್ಳಮಾಲು.
"ಮರ ಹತ್ತಿದ್ದು ನಾನು, ಬಿದ್ದು ಸೊಂಟ ಮುರಿದದ್ದು ನನ್ನ ತಮ್ಮಂದು,
ಮಾಲು ಯಾರದ್ದೋ?" ಅಂದಳು ಗುತ್ಯಮ್ಮ.
ನಾನು ಸುತ್ತೋಲೆಯ ನಂಬರು ಹೇಳಿದೆ.
ಅದು ಈಗಲೂ ಬಾಯಿಪಾಠ. ತಮ್ಮನ ಹೆಸರು ಮರೆತಿದ್ದೇನೆ.

ಒಂದು ವರ್ಷ ಸಿಪ್ಪೆಯ ದರ ಬಂಗಾರದ ಹಾಗೆ ಏರಿತು.
ಅಮೆರಿಕದಲ್ಲಿ ಯಾರೋ ತೆಳ್ಳಗಾಗಬೇಕಂತೆ.
ಗುತ್ಯಮ್ಮ ನಕ್ಕು ನಕ್ಕು ಒರಳುಕಲ್ಲಿಗೆ ಒರಗಿದಳು:
"ತಿಂದದ್ದು ಕರಗಿಸೋಕೆ ಅವರಿಗೆ ಇದು ಬೇಕಾ?
ನಾನು ತಿನ್ನೋಕೆ ಸಿಗಲಿ ಅಂತ ಮಾರ್ತೀನಿ!"
ನ್ಯಾಯವಾದ ವ್ಯಾಪಾರ.
ಯಾರೂ ಯಾರಿಗೂ ಬುದ್ಧಿ ಹೇಳಲಿಲ್ಲ.

ಮತ್ತೊಂದು ವರ್ಷ ದರ ಬಿತ್ತು. ಅಲ್ಲಿನ ಬಂದರಿನಲ್ಲಿ
ಗಳ ಇಳಿಸಿದರಂತೆ. ತೆರಿಗೆಯೋ ತನಿಖೆಯೋ,
ಪೇಪರು ದಿನಕ್ಕೊಂದು ಹೇಳಿತು.
ನನಗೆ ಕಂಡದ್ದು ಇಷ್ಟೇ: ಅಲ್ಲೂ ಒಬ್ಬ ನಾನಿದ್ದೇನೆ,
ಕೋಟು ಹಾಕಿದ್ದೇನೆ, ಒರಳುಕಲ್ಲು ದೊಡ್ಡದು,
ದೇಶ ಕಾಯುತ್ತಿದ್ದೇನೆ ಅಂದುಕೊಂಡಿದ್ದೇನೆ.
ದಂಡ ತೆತ್ತದ್ದು ಈ ಕಡೆ ಗುತ್ಯಮ್ಮ,
ಆ ಕಡೆ, ಅಂಗಡಿಯಲ್ಲಿ ಪರ್ಸು ತೆರೆದು ಎರಡೆರಡು ಸಲ ಎಣಿಸುವ
ಇನ್ನೊಬ್ಬ ಗುತ್ಯಮ್ಮ.

ಅದೇ ಪುಟದಲ್ಲಿ ಅವರ ಯುದ್ಧನೌಕೆಯ ಚಿತ್ರ,
ಯಾರದೋ ಸಮುದ್ರದಲ್ಲಿ, ಯಾರದೋ ಒಳ್ಳೆಯದಕ್ಕೆ.
ಒಂದು ಚೀಲ ಹುಳಿ ಒಳಗೆ ಬರಲು ಹದಿನಾರು ಸಹಿ;
ಊರಿನಷ್ಟು ದೊಡ್ಡ ಹಡಗು ಹೊರಗೆ ಹೋಗುವಾಗ
ಪಾಸು ಕೇಳಿದವ ಯಾರು?
ಹಸನಬ್ಬನ ಅಣ್ಣ ಕೊಲ್ಲಿಯ ಒಂದು ಬಂದರಿನಲ್ಲಿ ಮೂಟೆ ಹೊರುತ್ತಿದ್ದ.
ವಿಮಾನಗಳು ಹಾರಿದ ವಾರ ಅವನ ಕಾಗದ ಬರಲಿಲ್ಲ.
ಆಮೇಲೂ ಬರಲಿಲ್ಲ.
ಆ ಸಲ ಹಸನಬ್ಬ ತಕ್ಕಡಿಯನ್ನೇ ತೆಗೆಯಲಿಲ್ಲ,
ಗುತ್ಯಮ್ಮ ಕೇಳಿದ್ದಕ್ಕಿಂತ ಹೆಚ್ಚು ಮೀನು ಸುರಿದು
ಘಾಟಿ ಇಳಿದು ಹೋದ.

ಒಂದು ರಾತ್ರಿ ನಾನು ಗಳ ಇಳಿಸಲಿಲ್ಲ.
ಕುಡಿದಿರಲಿಲ್ಲ. ಏನಾಗುತ್ತದೆ ನೋಡೋಣ ಅಂತ.
ಮೀನು ಬಂತು. ಹುಳಿ ಹೋಯಿತು.
ಬಸುರಿಯೊಬ್ಬಳನ್ನು ಮಲಗಿಸಿಕೊಂಡ ಜೀಪು ನಿಲ್ಲದೆ ಹೋಯಿತು.
ಬೆಳಿಗ್ಗೆ ಕಾಡು ಇದ್ದಲ್ಲೇ ಇತ್ತು.
ಸುಳ್ಳು ಬರೆಯಬಾರದು: ಒಂದು ಲೋಡು ಬೀಟೆಯೂ ಹೋಯಿತು.
ಗಳ ಇಳಿಸಿದ್ದ ರಾತ್ರಿಗಳಲ್ಲಿ ಅದೇ ಬೀಟೆ
ಮುದ್ರೆ ಒತ್ತಿಸಿಕೊಂಡು ಹೋಗುತ್ತಿತ್ತು.
ಯಾವುದು ಹೆಚ್ಚೋ, ಲೆಕ್ಕ ಇಟ್ಟವರು ಬೇರೆ.

ಈಗ ಪಿಂಚಣಿ ತಿಂಗಳ ಮೊದಲಿಗೇ ಬರುತ್ತದೆ,
ಯಾರ ಯಾರ ಚೀಲದಿಂದ ತೆಗೆದದ್ದೋ.
ಬೇಡ ಅನ್ನುವಷ್ಟು ದೊಡ್ಡವನಲ್ಲ ನಾನು.
ಮೊನ್ನೆ ಹೊಸನಗರದ ಸಂತೆಯಲ್ಲಿ ಗುತ್ಯಮ್ಮ ಸಿಕ್ಕಳು,
ಒಂದು ಹಿಡಿ ಸಿಪ್ಪೆ ಎತ್ತಿ ನನ್ನ ಚೀಲಕ್ಕೆ ಹಾಕಿದಳು.
ಎಷ್ಟು ಅಂದೆ.
"ಇದಕ್ಕೆ ರಸೀದಿ ಇಲ್ಲ" ಅಂದಳು.
ಮನೆಯಲ್ಲಿ ಮೀನುಸಾರಿಗೆ ಹಾಕಿಸಿದೆ.
ಹಲ್ಲು ಜುಮ್ಮೆಂದಿತು, ಬಹಳ ಹೊತ್ತು.